ಡೆಲ್ಬರ್ಟ್ ಜೋಡಿಸಿದ ರಟ್ಟಿನ ಡಬ್ಬಗಳು

ಡೆಲ್ಬರ್ಟ್ ಸ್ಟ್ರೌಡ್ ನನ್ನ ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಪ್ರೀತಿ ಇರಲಿಲ್ಲ ಅಂತಲ್ಲ. ಹ್ಯಾಟಿ ಹುಟ್ಟಿದಂದಿನಿಂದ, ಪಕ್ಕದ ಮನೆಯಿಂದ ಅಂಗಡಿಗೆ ಹೋಗುವ ಮುಂಚೆ ನಮ್ಮ ಬಾಗಿಲಿಗೆ ಬಂದು ಅವಳನ್ನು ನಗಿಸದೆ ಹೋದ ದಿನವಿಲ್ಲ. ನಾಲಿಗೆಯಲ್ಲೇ ಟಕಟಕ ಕುದುರೆ ಓಡಿಸುತ್ತಿದ್ದರು, ಕೈ ಹಚ್ಚದೆ ತಲೆ ಕೊಡವಿಯೇ ಟೋಪಿಯನ್ನು ಮೂಗಿನವರೆಗೆ ಇಳಿಸಿ ಮತ್ತೆ ಮೇಲಕ್ಕೆ ಹಾರಿಸುತ್ತಿದ್ದರು. ಆದರೆ ಇದೆಲ್ಲ ಹೊಸಿಲಿನ ಆಚೆಯಿಂದ, ಎರಡೂ ಕೈಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡು. ಮಗು ಕೈಚಾಚಿದರೆ ಒಂದು ಹೆಜ್ಜೆ ಹಿಂದೆ.

"ನಮ್ಮನೆಯವರು ಮಗೂನ ಮುದ್ದು ಮಾಡೋದು ಟೆಲಿಫೋನಲ್ಲಿ ಮಾಡಿದ ಹಾಗೆ," ಅನ್ನುತ್ತಿದ್ದರು ಅವರ ಹೆಂಡತಿ ಓಪಲ್.

ಸೇಜ್‌ವೆಲ್ ಊರಲ್ಲಿ ಇದನ್ನು ಯಾರಿಗೆ ಹೇಳಿದರೂ ನಂಬುವುದು ಕಷ್ಟವಿತ್ತು. ಈ ಬೆಟ್ಟದ ಸಾಲಿನ ಪೂರ್ವಕ್ಕೆ, ಮರಳು ಮತ್ತು ಗಾಳಿಯ ನಡುವೆ ಇರುವ ನಾನೂರು ಜನರಲ್ಲಿ ಕೈ ಅಂದರೆ ಡೆಲ್ಬರ್ಟ್ ಕೈ. ಒಕ್ಲಹೋಮದಲ್ಲಿ ಹುಟ್ಟಿ, ಹದಿನೆಂಟಕ್ಕೆ ಕ್ಯಾಲಿಫೋರ್ನಿಯಕ್ಕೆ ಬಂದು, ಪೀಚ್ ಹಣ್ಣು ತುಂಬುವ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತವರು. ಅಲ್ಲಿ ಒಬ್ಬ ಮುದುಕಿ ಕಲಿಸಿದಳಂತೆ: ಮೇಲಿನ ಹಣ್ಣು ಕೆಳಗಿನ ಎರಡರ ನಡುವಿನ ಗುಳಿಯಲ್ಲಿ ಕೂರಬೇಕು. ನೀನು ಕೂರಿಸಬಾರದು, ಅದಾಗಿ ಅದು ಕೂರಬೇಕು. ಯುದ್ಧ ಮುಗಿದ ಮರುವರ್ಷ ಇಲ್ಲಿನ ದಿನಸಿ ಅಂಗಡಿಯ ಉಗ್ರಾಣಕ್ಕೆ ಸೇರಿದರು. ಮೊಟ್ಟೆ ಕೆಳಗೆ, ಡಬ್ಬಿ ಮೇಲೆ ಇಟ್ಟು ಕಟ್ಟಿಕೊಟ್ಟರೂ ನಲವತ್ತು ಮೈಲಿ ಕಚ್ಚಾ ರಸ್ತೆಯಲ್ಲಿ ಒಂದು ಮೊಟ್ಟೆಯೂ ಒಡೆಯುತ್ತಿರಲಿಲ್ಲವಂತೆ. ಹತ್ತಿರದ ಗಣಿಯ ಅಧಿಕಾರಿಗಳು ಹೆಂಡತಿಯ ಪಿಂಗಾಣಿ ಪಾತ್ರೆಗಳನ್ನು ಊರು ಬಿಡುವಾಗ ಇವರ ಕೈಯಲ್ಲೇ ಕಟ್ಟಿಸುತ್ತಿದ್ದರು. ಯಾವುದಾದರೂ ಭದ್ರವಾಗಿದೆ ಅನ್ನಬೇಕಾದರೆ ಊರಲ್ಲಿ "ಡೆಲ್ಬರ್ಟ್ ಕಟ್ಟಿದ್ದು" ಅಂದುಬಿಟ್ಟರೆ ಮುಗಿಯಿತು.

ನಾನು ಈ ಊರಿಗೆ ಬಂದದ್ದು ಒಂದು ಸಿನಿಮಾದ ಜೊತೆ. ೧೯೭೨ರ ಏಪ್ರಿಲ್. ನನಗೆ ಹತ್ತೊಂಬತ್ತು. ಬಣ್ಣ ಬಳಿದ ಬಸ್ಸೊಂದರಲ್ಲಿ ಮೂವತ್ತು ಜನ ಇಳಿದೆವು. ಸಿನಿಮಾದ ಹೆಸರು "ಕಾಪರ್‌ಹೆಡ್ ಸಂಡೇ". ವಿಯೆಟ್ನಾಂನಿಂದ ಮರಳಿದ ಇಬ್ಬರು ಗೆಳೆಯರು ಮೋಟರ್‌ಸೈಕಲ್ ಏರಿ, ಹಿಪ್ಪಿಗಳ ಗುಂಪೊಂದನ್ನು ಕೆಟ್ಟ ಪೊಲೀಸ್ ಅಧಿಕಾರಿಯಿಂದ ಕಾಪಾಡುವ ಕಥೆ ಅಂತ ನಮಗೆ ಹೇಳಿದ್ದರು. ನಾನು ಹಿಪ್ಪಿಗಳಲ್ಲಿ ಒಬ್ಬಳು. ಕೂದಲಿಗೆ ಹೂವು ಸಿಕ್ಕಿಸಿಕೊಂಡು ಬರಿಗಾಲಲ್ಲಿ ಕುಣಿಯುವುದು ನನ್ನ ಕೆಲಸ. ಮರಳು ಸುಡುತ್ತಿದ್ದರಿಂದ ಕುಣಿತ ತಾನಾಗಿಯೇ ಬರುತ್ತಿತ್ತು. ನಿರ್ದೇಶಕನನ್ನು ಎಲ್ಲರೂ "ಕ್ಯಾಪ್ಟನ್" ಅನ್ನುತ್ತಿದ್ದೆವು. ಅವನು ಕಪ್ಪು ಕನ್ನಡಕ ತೆಗೆದದ್ದನ್ನು ನಾನು ಕಾಣಲಿಲ್ಲ.

ಊರಿನವರಿಗೆ ಹಬ್ಬ. ಕ್ಷೌರದಂಗಡಿಯ ಹರ್ಷಲ್‌ಗೆ ಪೊಲೀಸ್ ಪಾತ್ರ ಸಿಕ್ಕಿತು. ಓಪಲ್ ಮಾಡಿದ ಸೇಬಿನ ಪೈಗಳಿಗೂ ಒಂದು ದೃಶ್ಯ ಸಿಕ್ಕಿತು. ಆ ಪೈಗಳನ್ನು ದಿನವೂ ಅರ್ಧಕ್ಕರ್ಧ ತಿಂದು ಮುಗಿಸುತ್ತಿದ್ದವನು ಲಿಯಾನ್ ಬ್ರಾಕೆಟ್. ಮುಂದಿನ ಹಲ್ಲುಗಳ ನಡುವೆ ಸಂದಿ, ಸದಾ ನಗು. ನಾಯಕನ ಗೆಳೆಯನ ಪಾತ್ರ ಅವನದು. ಜೊತೆಗೆ ಬೀಳುವುದು, ಹಾರುವುದು, ಉರುಳುವುದು, ಎಲ್ಲರ ಪರವಾಗಿಯೂ ಅವನೇ. ಅವನು ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಬಾಗಿಲಿಗೆ ಬಂದು ಡೆಲ್ಬರ್ಟ್‌ರನ್ನು ಕೇಳಿದ್ದು ಹೀಗೆ:

"ಸಾರ್, ನನಗೆ ಇನ್ನೂರು ಖಾಲಿ ಡಬ್ಬ ಬೇಕು. ರಟ್ಟಿಂದು."

"ಯಾಕಪ್ಪಾ, ಮನೆ ಬದಲಾಯಿಸ್ತಿದೀಯಾ?"

"ಅದರ ಮೇಲೆ ಬೀಳಬೇಕು."

ಡೆಲ್ಬರ್ಟ್ ಅವನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು ಎಲ್ಲ ಕೇಳಿ ತಿಳಿದುಕೊಂಡರು. ಒಣಹಳ್ಳದ ಮೇಲಿಂದ ಮೋಟರ್‌ಸೈಕಲ್ ಹಾರಿಸುವುದು; ಗಾಳಿಯಲ್ಲೇ ಅದನ್ನು ಬಿಟ್ಟುಬಿಡುವುದು; ಗಾಡಿ ಮುಂದೆ ಹೋಗಿ ಮರಳಿಗೆ ಬೀಳುತ್ತದೆ, ಮನುಷ್ಯ ಡಬ್ಬಗಳ ರಾಶಿಯ ಮೇಲೆ. ಡಬ್ಬದ ಬಾಯಿಗೆ ಟೇಪು ಹಾಕಬಾರದು, ಒಳಗಿನ ಗಾಳಿ ಹೊರಗೆ ಹೋಗಬೇಕು. ಸುತ್ತ ಹಗ್ಗ, ಮೇಲೆ ಟಾರ್ಪಾಲು. ಮುಖ್ಯವಾಗಿ, ಬಾಟಲಿ ಬರುವ ಡಬ್ಬಗಳಲ್ಲಿ ಬಾಟಲಿಗೊಂದು ಮನೆಯ ಹಾಗೆ ರಟ್ಟಿನ ಅಡ್ಡಪಟ್ಟಿಗಳು ಇರುತ್ತವಲ್ಲ, ಅವನ್ನು ಕಿತ್ತು ತೆಗೆಯಬೇಕು. ಅವು ಇದ್ದರೆ ಡಬ್ಬ ಕುಸಿಯುವುದಿಲ್ಲ, ಕಲ್ಲಿನ ಹಾಗೆ ನಿಲ್ಲುತ್ತದೆ.

"ಅಂದರೆ ಡಬ್ಬ ಸೋಲಬೇಕು," ಅಂದರು ಡೆಲ್ಬರ್ಟ್. ಇಪ್ಪತ್ತಾರು ವರ್ಷ ಡಬ್ಬ ಸೋಲದಂತೆ ನೋಡಿಕೊಂಡ ಮನುಷ್ಯ.

"ಅದೇ ಸಾರ್. ಮೆಲ್ಲಗೆ, ಸಾಲು ಸಾಲಾಗಿ ಸೋಲಬೇಕು."

ಆ ಶುಕ್ರವಾರ ಮಧ್ಯಾಹ್ನ ಲಿಯಾನ್ ಹಾರಿದ. ನಾನು ಕ್ಯಾಮೆರಾದ ಇನ್ನೊಂದು ಕಡೆ, ಹಳ್ಳಕ್ಕೆ ಬೆನ್ನು ಹಾಕಿ ಕುಣಿಯುತ್ತಿದ್ದೆ. ಶಬ್ದ ಮಾತ್ರ ಕೇಳಿಸಿತು. ಅಂದಿನ ಡೈರಿಯಲ್ಲಿ ಹೀಗಿದೆ: "ಲಿಯಾನ್ ಬೆಳಿಗ್ಗೆ ಎರಡು ತಟ್ಟೆ ಬೀನ್ಸ್ ಕಾಳು ತಿಂದ. ಎರಡೂವರೆಗೆ ಬಿದ್ದ. ಕೂಗಲಿಲ್ಲ. ತೊಡೆ ತಿರುಗಿತ್ತು. ಆಂಬುಲೆನ್ಸ್ ಬರಲು ಒಂದು ಗಂಟೆ. ಡೆಲ್ಬರ್ಟ್ ಸ್ಟ್ರೌಡ್ ಮುಖ ಹಿಟ್ಟಿನ ಹಾಗಿತ್ತು."

ಎರಡು ದಿನಕ್ಕೆ ಸಿನಿಮಾದವರು ಗಂಟುಮೂಟೆ ಕಟ್ಟಿದರು. ನನಗೆ ಆಗ ಜ್ವರ. ಬಸ್ಸು ಹೊರಟುಹೋಯಿತು, ಕುಣಿಯುವವರಲ್ಲಿ ಒಬ್ಬಳು ಕಡಿಮೆಯಾದರೆ ಯಾರು ಲೆಕ್ಕ ಇಡುತ್ತಾರೆ? ಓಪಲ್ ಬಂದು ಹಣೆ ಮುಟ್ಟಿ ನೋಡಿ, "ಒಂದು ವಾರ ನಮ್ಮನೇಲಿರು ಮರಿ, ಕಾಲು ತೊಳ್ಕೊಂಡು ಒಳಗೆ ಬಾ," ಅಂದರು. ಆ ವಾರ ಇನ್ನೂ ಮುಗಿದಿಲ್ಲ. ಕೌಂಟಿಯ ರಸ್ತೆ ಕೆಲಸದಲ್ಲಿದ್ದ ಗಿಲ್‌ನನ್ನು ಮದುವೆಯಾದೆ, ಸ್ಟ್ರೌಡ್ ದಂಪತಿಯ ಪಕ್ಕದ ಮನೆಯನ್ನೇ ಹಿಡಿದೆವು, ವಾರಕ್ಕೆ ಮೂರು ದಿನ ಲೈಬ್ರರಿಯಲ್ಲಿ ಕೂರುತ್ತೇನೆ. ನಮ್ಮಪ್ಪನಿಗೂ ನನಗೂ ಮಾತಿರಲಿಲ್ಲ. ಮದುವೆಯ ದಿನ ಅಪ್ಪನ ಜಾಗದಲ್ಲಿ ನಿಂತು ನನ್ನನ್ನು ಚರ್ಚಿನೊಳಗೆ ಕರೆದುಕೊಂಡು ಹೋದವರು ಡೆಲ್ಬರ್ಟ್. ಅವತ್ತೂ ತೋಳು ಕೊಟ್ಟರು, ಕೈ ಮಾತ್ರ ಜೇಬಿನಲ್ಲೇ ಇತ್ತು. ನಾಚಿಕೆ ಅಂದುಕೊಂಡೆ.

ಸಿನಿಮಾದವರು ಹೋದ ಬೇಸಿಗೆಯಲ್ಲೇ ಅವರು ಉಗ್ರಾಣ ಬಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರಂತೆ. ಸೊಂಟ ನೋವು ಅಂತ ಕಾರಣ. ಮನೆಯಲ್ಲಿ ಏನಾದರೂ ಕಟ್ಟಲೇಬೇಕಾದರೆ ಎರಡು ಹಗ್ಗ, ನಾಲ್ಕು ಗಂಟು. ಓಪಲ್ ತಂಗಿಗೆ ಕಳಿಸಿದ ಜ್ಯಾಮ್ ಬಾಟಲಿಯ ಗಂಟು ಬಿಚ್ಚಲಾಗದೆ ಆಕೆ ಕುಡುಗೋಲು ತಂದಳಂತೆ.

ಹ್ಯಾಟಿಗೆ ಮೂರು ತಿಂಗಳಾದಾಗ ಒಂದು ದಿನ ನನಗೆ ತಾಳ್ಮೆ ತಪ್ಪಿತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಕಂಕುಳಲ್ಲಿ ಮಗು. "ಒಂದು ನಿಮಿಷ ಹಿಡ್ಕೊಳ್ಳಿ ಡೆಲ್ಬರ್ಟ್," ಅಂತ ಚಾಚಿದೆ. ಅವರು ಹಿಂದೆ ಸರಿದು ಜಗುಲಿಯ ಕಂಬಕ್ಕೆ ಬೆನ್ನು ಹೊಡೆಸಿಕೊಂಡರು.

"ನನ್ನ ಮಗುವೇನು ಮುಳ್ಳುಹಂದೀನಾ?" ಅಂದುಬಿಟ್ಟೆ.

ಹಾಲು ಸೀದುಹೋಯಿತು. ಅವರು ಮೆಟ್ಟಿಲ ಮೇಲೆ ಕೂತರು. ನನ್ನ ಮುಖ ನೋಡದೆ, ಅಂಗಳದಲ್ಲಿದ್ದ ಕೋಳಿಗಳಿಗೆ ಹೇಳುವ ಹಾಗೆ ಹೇಳಿದರು.

"ಶುಕ್ರವಾರ ಬಾಟಲಿ ಕಂಪನಿ ಲಾರಿ ಬರೋ ದಿನ, ಲಿನ್. ಖಾಲಿ ಡಬ್ಬ ವಾಪಸ್ ತಗೋತಾರೆ, ಆದ್ರೆ ಒಳಗೆ ಅಡ್ಡಪಟ್ಟಿ ಇರಲೇಬೇಕು. ಇಪ್ಪತ್ತಾರು ವರ್ಷ ಶುಕ್ರವಾರ ಬೆಳಿಗ್ಗೆ ನಾನು ಮಾಡಿದ್ದು ಅದೇ. ಎದ್ದೆ, ಕಸ ಗುಡಿಸಿದೆ, ಪಟ್ಟಿ ಒಳಗಿಟ್ಟೆ. ಆ ಹುಡುಗ ಹೇಳಿದ ಹಾಗೆ ಗುರುವಾರ ಎಲ್ಲಾ ಕಿತ್ತು ಹಾಕಿದ್ದೆ, ದೇವರಾಣೆ. ಶುಕ್ರವಾರ ಬೆಳಿಗ್ಗೆ ಕೈ ಅದರ ಪಾಡಿಗೆ ಅದು ಮತ್ತೆ ತುಂಬಿಬಿಟ್ಟಿದೆ. ನನಗೆ ಗೊತ್ತೇ ಆಗಿಲ್ಲ. ನಾಲ್ಕು ಡಬ್ಬಕ್ಕೆ."

ಅವತ್ತು ಊರಿನವರನ್ನು ದೂರದಲ್ಲಿ, ಬಂಡೆಗಳ ಹಿಂದೆ ನಿಲ್ಲಿಸಿದ್ದರು; ಡೆಲ್ಬರ್ಟ್ ಓಡಿ ಬರುವಷ್ಟರಲ್ಲಿ ಲಿಯಾನ್‌ನನ್ನು ಹೊರಗೆ ಎಳೆದಾಗಿತ್ತು. ಅವನನ್ನು ಆಂಬುಲೆನ್ಸಿಗೆ ಹಾಕಿದ ಮೇಲೆ ಎಲ್ಲರೂ ಹೋದರು. ಡೆಲ್ಬರ್ಟ್ ಮಾತ್ರ ಡಬ್ಬ ಆರಿಸಲು ನಿಂತರು; ತಂದ ಡಬ್ಬ ವಾಪಸ್ ಒಯ್ಯದೆ ಬಿಟ್ಟು ಬರುವುದು ಅವರಿಗೆ ಗೊತ್ತೇ ಇಲ್ಲ. ಕುಸಿದ ರಾಶಿಯಲ್ಲಿ ನಾಲ್ಕು ನೆಟ್ಟಗೆ ನಿಂತಿದ್ದವು. ಶರಬತ್ತಿನ ಬಾಟಲಿಯ ಡಬ್ಬಗಳು, ಮೈಮೇಲೆ ಕೆಂಪು ಹುಂಜದ ಚಿತ್ರ. ಒಂದೂ ನುಗ್ಗಾಗಿರಲಿಲ್ಲ. ಅವನ್ನು ಅಂಗಡಿಯ ಹಿಂದೆ ತಂದು ಸುಟ್ಟುಹಾಕಿದರು. ಯಾರಿಗೂ ಹೇಳಲಿಲ್ಲ. ಓಪಲ್‌ಗೂ.

"ಸುಟ್ಟೆ ನೋಡು, ಅದು ಇನ್ನೂ ದೊಡ್ಡ ತಪ್ಪು. ಆಸ್ಪತ್ರೆಗೆ ಫೋನ್ ಮಾಡ್ದೆ. ಬೇರೆ ಕಡೆ ಒಯ್ದರು ಅಂದ್ರು. ಆಮೇಲೆ ಗೊತ್ತಿಲ್ಲ. ಆ ಹುಡುಗ ಮತ್ತೆ ನಡೆದನೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲದ ಹಾಗೆ ಕೆಲಸ ಮಾಡೋ ಕೈ ಇವು. ಇವುಗಳ ಮೇಲೆ ನಿನ್ನ ಮಗೂನ ಇಡ್ತೀಯಾ?"

ಸಮಾಧಾನದ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿದರೆ ಅವರಿಗೆ ತಿಳಿದುಬಿಡುತ್ತದೆ. ಹಾಲಿನ ಪಾತ್ರೆ ತಿಕ್ಕಿಟ್ಟು, ಹಳೇ ಡೈರಿ ತೆಗೆದೆ. ಅದರ ಕೊನೆಯ ಪುಟದಲ್ಲಿ ಹನ್ನೊಂದು ವಿಳಾಸಗಳಿದ್ದವು.

ಹ್ಯಾಟಿ ನಿದ್ದೆ ಮಾಡುವ ಹೊತ್ತಿನಲ್ಲಿ ದಿನಕ್ಕೊಂದು ಪತ್ರ ಬರೆದೆ. ಎಂಟು ವಾಪಸ್ ಬಂದವು. ಎರಡಕ್ಕೆ ಉತ್ತರವೇ ಇಲ್ಲ. ಹನ್ನೊಂದನೆಯವಳು ಫ್ರಾನ್, ಚಿತ್ರೀಕರಣದಲ್ಲಿ ದೃಶ್ಯಕ್ಕೆ ದೃಶ್ಯ ತಾಳೆಯಾಗಲೆಂದು ಯಾರ ಬಟ್ಟಲು ಯಾವ ಕೈಯಲ್ಲಿತ್ತು ಎಂದು ಬರೆದಿಡುತ್ತಿದ್ದವಳು. ಅವಳು ಬರೆದಳು: "ಲಿಯಾನ್ ಎಲ್ಲಿದಾನೋ ಗೊತ್ತಿಲ್ಲ. ನಿಮ್ಮೂರು ಬಿಟ್ಟ ದಿನವೇ ನಾನೂ ಆ ಸಿನಿಮಾ ಬಿಟ್ಟೆ. ಉಳಿದದ್ದನ್ನು ಕ್ಯಾಪ್ಟನ್ ನಾಲ್ಕೈದು ಜನರನ್ನು ಇಟ್ಟುಕೊಂಡು ಎಲ್ಲೋ ಮುಗಿಸಿದ. ದಕ್ಷಿಣದ ಯಾವುದೋ ಮೂರು ಬಯಲು ಟಾಕೀಸಿನಲ್ಲಿ ಒಂದು ವಾರ ಓಡಿ ಸತ್ತಿತು. ಒಂದು ಪ್ರತಿ ನನ್ನ ಅಣ್ಣನ ಗ್ಯಾರೇಜಿನಲ್ಲಿದೆ, ಅತ್ತಿಗೆ ಎಸೆಯಬೇಕು ಅಂತಿದ್ದಾಳೆ. ಕಳಿಸಲಾ? ಅವನು ಬಿದ್ದ ದೃಶ್ಯ ಅದರಲ್ಲಿ ಇದೆಯಂತೆ. ಇನ್ನೊಂದು ಸಲ ತೆಗೆಯಲು ಅವರ ಹತ್ತಿರ ಏನೂ ಉಳಿದಿರಲಿಲ್ಲ. ಊಟಕ್ಕೆ ಮುಂಚೆ ನೋಡಬೇಡ. ಊಟವಾದ ಮೇಲೂ ನೋಡಬೇಡ."

ಮಾರ್ಚ್ ತಿಂಗಳಲ್ಲಿ ಫಿಲ್ಮಿನ ಮೂರು ತಗಡಿನ ಡಬ್ಬಿಗಳು ಬಂದವು. ನಾನೇ ಮೊದಲು ನೋಡಿ ಹೇಳುತ್ತೇನೆ ಅಂದೆ ಡೆಲ್ಬರ್ಟ್‌ಗೆ.

"ಬೇಡ. ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ. ನೀನು ಗೇಟು ದಾಟೋಷ್ಟರಲ್ಲಿ ನನಗೆ ಗೊತ್ತಾಗಿಬಿಡತ್ತೆ. ನನ್ನ ಕಣ್ಣಲ್ಲೇ ನೋಡ್ತೀನಿ."

"ಕೆಟ್ಟದ್ದೇ ಇದ್ರೆ?"

"ಇದ್ರೆ ಲಿಯಾನ್‌ನ ಹುಡುಕಿಕೊಂಡು ಹೋಗ್ತೀನಿ. ಈ ವಯಸ್ಸಲ್ಲಿ ಇನ್ನೇನು ಕೆಲಸ."

ಗುಟ್ಟಾಗಿ ನೋಡುವ ನಮ್ಮ ಯೋಚನೆ ಅಂಚೆ ಕಚೇರಿಯಲ್ಲೇ ಮುಗಿಯಿತು. ಡಬ್ಬಿಯ ಮೇಲೆ ಹೆಸರು ದೊಡ್ಡದಾಗಿ ಬರೆದಿತ್ತು. ಏಳು ವರ್ಷದಿಂದ ತಮ್ಮ ಮುಖ ಪರದೆಯ ಮೇಲೆ ಕಾಣಲು ಕಾದಿದ್ದ ಊರು. ಶನಿವಾರ ಮಧ್ಯಾಹ್ನ ಮೂರಕ್ಕೆ ಮಾಜಿ ಸೈನಿಕರ ಸಭಾಂಗಣದಲ್ಲಿ ನೂರಾ ಎಪ್ಪತ್ತು ಜನ. ಕಿಟಕಿಗಳಿಗೆ ಕಂಬಳಿ ಹೊಡೆದೆವು. ಒಬ್ಬೊಬ್ಬರು ಒಂದೊಂದು ಅಡುಗೆ ತಂದಿದ್ದರು: ಬೇಯಿಸಿದ ಬೀನ್ಸ್ ಕಾಳು, ಜೋಳದ ಬ್ರೆಡ್ಡು, ಆಲೂಗೆಡ್ಡೆ. ಹರ್ಷಲ್ ಟೈ ಕಟ್ಟಿಕೊಂಡು ಬಂದಿದ್ದ. ಲೈಬ್ರರಿಯ ಪ್ರೊಜೆಕ್ಟರ್ ನಡೆಸುವವಳು ನಾನೇ. ಹ್ಯಾಟಿಯನ್ನು ಒಗೆದ ಬಟ್ಟೆ ತುಂಬುವ ಬುಟ್ಟಿಯಲ್ಲಿ ಮಲಗಿಸಿ ಕಾಲ ಹತ್ತಿರ ಇಟ್ಟುಕೊಂಡೆ. ಡೆಲ್ಬರ್ಟ್ ಕಟ್ಟಕಡೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ, ಟೋಪಿ ತೆಗೆಯದೆ ಕೂತರು.

ಸಿನಿಮಾ ಕೆಟ್ಟದಾಗಿತ್ತು. ಇದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ. ಮೊದಲ ಹದಿನೈದು ನಿಮಿಷ ಇಬ್ಬರು ಗೆಳೆಯರು ಬೈಕಿನ ಮೇಲೆ ಕೂತು ಸೂರ್ಯನನ್ನು ನೋಡಿದರು. ಒಬ್ಬ ಹೇಳಿದ, "ರಸ್ತೆ ಎಲ್ಲಿಗೂ ಹೋಗುವುದಿಲ್ಲ, ನಾವೇ ಹೋಗುವುದು." ಆಮೇಲೆ ಮತ್ತೆ ಸೂರ್ಯ.

"ಹೋಗ್ರಪ್ಪಾ ಹಾಗಾದ್ರೆ!" ಅಂದರು ಯಾರೋ.

ಹಿಪ್ಪಿಗಳನ್ನು ಪೊಲೀಸರು ಯಾಕೆ ಓಡಿಸುತ್ತಿದ್ದಾರೆ ಅನ್ನುವುದು ಯಾರಿಗೂ ತಿಳಿಯಲಿಲ್ಲ, ಪೊಲೀಸರಿಗೂ ತಿಳಿದ ಹಾಗೆ ಕಾಣಲಿಲ್ಲ. ನಮ್ಮ ಕುಣಿತ ಬಂತು. ನಾನು ಎಲ್ಲರಿಗಿಂತ ಅರ್ಧ ಹೆಜ್ಜೆ ಹಿಂದೆ. ಗಿಲ್ ಎಷ್ಟು ನಕ್ಕನೆಂದರೆ ಅವನ ತಟ್ಟೆಯ ಬೀನ್ಸ್ ಕಾಳು ಮುಂದಿನವರ ಕೋಟಿನ ಮೇಲೆ ಬಿತ್ತು. ಪೊಲೀಸರು ಬಂದರು. ಹರ್ಷಲ್ ಎದ್ದು ನಿಂತ.

"ಅದು ನಾನು! ಬಾಗಿಲ ಹತ್ತಿರ! ಅದು ನನ್ನ ಮೊಣಕೈ!"

"ಉಳಿದದ್ದು ಎಲ್ಲಿ ಹರ್ಷಲ್?"

"ಉಳಿದದ್ದನ್ನ ಕತ್ತರಿಸಿದಾರೆ ಬೋಳಿಮಕ್ಕಳು. ಎರಡು ದಿನ ನಿಲ್ಲಿಸಿದ್ರು ನನ್ನ, ಒಂದು ಮೊಣಕೈಗೆ!"

ಓಪಲ್‌ರ ಪೈ ಮಾತ್ರ ಹತ್ತಿರದಿಂದ, ಇಡೀ ಪರದೆ ತುಂಬ ಕಂಡಿತು. "ಸ್ವಲ್ಪ ಸೀದಿದೆ," ಅಂದರು ಓಪಲ್, ಏಳು ವರ್ಷದ ಮೇಲೆ.

ಎರಡನೆಯ ಸುರುಳಿ ಹಾಕಿದೆ. ಹಳ್ಳ ಬಂತು. ಇಳಿಜಾರಿನ ಹಲಗೆ. ಲಿಯಾನ್ ಶಿರಸ್ತ್ರಾಣವಿಲ್ಲದೆ, ನಾಯಕನ ಕೆಂಪು ರುಮಾಲು ಕಟ್ಟಿಕೊಂಡು. ಹಿಂದೆ ತಿರುಗಿ ನೋಡಿದೆ. ಡೆಲ್ಬರ್ಟ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟಿದ್ದರು.

ಒಳ್ಳೆಯ ಸಿನಿಮಾ ಆಗಿದ್ದರೆ ಡಬ್ಬಗಳು ಕಾಣುತ್ತಲೇ ಇರಲಿಲ್ಲ. ಅವನ್ನು ಮರೆಮಾಡಲು ಪೊದೆಗಳನ್ನು ಇಡುತ್ತಾರೆ, ಕ್ಯಾಮೆರಾವನ್ನು ಮೇಲೆತ್ತುತ್ತಾರೆ. ಕ್ಯಾಪ್ಟನ್ ಅದೇನನ್ನೂ ಮಾಡಿರಲಿಲ್ಲ. ರಾಶಿಯ ಇಡೀ ಪಕ್ಕ ಪರದೆಯ ಮೇಲೆ ಅಂಗಡಿ ತೆರೆದ ಹಾಗೆ ನಿಂತಿತ್ತು: ಸೋಪಿನ ಡಬ್ಬ, ಪೀಚಿನ ಡಬ್ಬ, ಬಿಸ್ಕತ್ತಿನ ಡಬ್ಬ.

"ಮರುಭೂಮಿ ಮಧ್ಯೆ ದಿನಸಿ ಅಂಗಡಿ ಯಾರಪ್ಪಾ ಇಟ್ಟಿದ್ದು!" ಹರ್ಷಲ್ ಕೂಗಿದ. ಸೇರಿದ ಜನವೆಲ್ಲ ನಕ್ಕಿತು. ಲಿಯಾನ್ ಹಾರಿದ, ಬಿದ್ದ, ದೃಶ್ಯ ಮುಗಿಯಿತು.

"ನಿಲ್ಲಿಸು!" ಅಂದರು ಡೆಲ್ಬರ್ಟ್.

"ನಿಲ್ಲಿಸಿದ್ರೆ ದೀಪದ ಶಾಖಕ್ಕೆ ಫಿಲ್ಮು ಸುಟ್ಟುಹೋಗತ್ತೆ. ಹಿಂದಕ್ಕೆ ಓಡಿಸ್ತೀನಿ ತಾಳಿ."

ಲಿಯಾನ್ ಡಬ್ಬಗಳೊಳಗಿಂದ ಮೇಲೆದ್ದು ಹಿಂದುಹಿಂದಕ್ಕೆ ಹಾರಿ ಹಲಗೆಯ ಮೇಲೆ ಇಳಿದ. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಡೆಲ್ಬರ್ಟ್ ಸಾಲುಗಳ ನಡುವೆ ನಡೆದು ಬಂದರು, ಯಾರ ಕಾಲು ತುಳಿದರೂ ನೋಡಲಿಲ್ಲ. ಅವರ ಟೋಪಿಯ ನೆರಳು ಪರದೆಯ ಮೇಲೆ ಬಿತ್ತು.

"ಟೋಪಿ ತೆಗೀರಿ!" ಅಂದರು ಹಿಂದಿನವರು. ತೆಗೆದರು. ಪರದೆಗೆ ಮೂಗು ತಗಲುವಷ್ಟು ಹತ್ತಿರ ನಿಂತರು.

ಮೂರನೆಯ ಸಲ ನಾನೂ ಕಂಡೆ. ರಾಶಿಯ ಎಡತುದಿಯಲ್ಲಿ, ಒಂದರ ಮೇಲೊಂದು, ನಾಲ್ಕು ಕೆಂಪು ಹುಂಜಗಳು. ಲಿಯಾನ್ ಬಿದ್ದದ್ದು ಬಲಗಡೆ. ಅವನ ಕೆಳಗೆ ಡಬ್ಬಗಳು ಒಂದೊಂದು ಸಾಲಾಗಿ, ಹಿಟ್ಟು ತಗ್ಗುವ ಹಾಗೆ ತಗ್ಗಿದವು. ಅವನು ಅರ್ಧ ಮುಳುಗಿ ಅಂಗಾತ ಮಲಗಿದ. ಬಿದ್ದವನು ಗಟ್ಟಿಯಾಗಿದ್ದ, ಒಂದು ಕೈ ಎತ್ತಿ ಕ್ಯಾಮೆರಾದ ಕಡೆ ಬೀಸಲೂ ಹೊರಟಿದ್ದ. ಅಷ್ಟರಲ್ಲಿ, ಮುಂದೆ ಹೋಗಿ ಮರಳಿಗೆ ಬೀಳಬೇಕಿದ್ದ ಮೋಟರ್‌ಸೈಕಲ್ ಗಾಳಿಯಲ್ಲಿ ಮುಂದಿನ ಚಕ್ರ ತಿರುಗಿ, ಅಡ್ಡವಾಗಿ, ಅವನ ತೊಡೆಯ ಮೇಲೆ ಬಂತು.

"ಮಧ್ಯಾಹ್ನದ ಗಾಳಿ," ಅಂದ ಗಿಲ್ ಮೆಲ್ಲಗೆ. ಇಲ್ಲಿ ಎರಡು ಗಂಟೆಯ ಮೇಲೆ ಬೆಟ್ಟದಿಂದ ಗಾಳಿ ಇಳಿಯುತ್ತದೆ, ಊರಿನವರು ಬಟ್ಟೆಯನ್ನೂ ಒಣಹಾಕುವುದಿಲ್ಲ. ಬೆಳಿಗ್ಗೆಯೇ ಮಾಡಿ ಅಂತ ಎಲ್ಲರೂ ಹೇಳಿದ್ದರು. ಕ್ಯಾಪ್ಟನ್‌ಗೆ ಬಿಸಿಲು ಓರೆಯಾಗಿ ಬೀಳಬೇಕಿತ್ತು.

ಡೆಲ್ಬರ್ಟ್ ತಿರುಗಿದರು. ಅವರ ಮುಖದ ಮೇಲೆ ಅರ್ಧ ಮೋಟರ್‌ಸೈಕಲ್ ಓಡುತ್ತಿತ್ತು.

"ಹುಂಜ ಎಡಗಡೆ ಇದೆ," ಅಂದರು. "ಅವನು ಬಲಗಡೆ. ಡಬ್ಬ ಸೋತಿದೆ, ಲಿನ್. ಸರಿಯಾಗಿ ಸೋತಿದೆ."

ಜನಕ್ಕೆ ಏನೂ ಅರ್ಥವಾಗಲಿಲ್ಲ. ಆಗ ಅವರು ಹೇಳಿದರು, ಅಲ್ಲೇ ನಿಂತು, ಎಲ್ಲರಿಗೂ: ಶುಕ್ರವಾರದ ಕೈ, ನಾಲ್ಕು ಡಬ್ಬ, ಸುಟ್ಟದ್ದು. ನಾನು ಪ್ರೊಜೆಕ್ಟರ್ ಆರಿಸಿದ್ದೆ. ಮೊದಲು ಬಾಯಿಬಿಟ್ಟವರು ಓಪಲ್.

"ಏಳು ವರ್ಷ! ಏಳು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ಯಾ? ಅದಕ್ಕಾ ನನ್ನ ತಂಗಿ ಜ್ಯಾಮಿಗೆ ಕುಡುಗೋಲು ತಂದಿದ್ದು?"

"ಅದಕ್ಕೇ."

"ಹೆಂಡತಿ ಅಂತ ಒಬ್ಬಳು ಇದ್ದಾಳೆ ಅಂತ ಗೊತ್ತಿತ್ತೋ ಇಲ್ಲವೋ?"

"ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ," ಅಂದರು. ಜನಕ್ಕೆ ನಗು ಬಂತು, ಆದರೆ ಅವರ ಮುಖ ಪೂರ್ತಿ ತಿಳಿಯಾಗಿರಲಿಲ್ಲ. ಮತ್ತೆ ಕೂರುವಾಗ ನನಗಷ್ಟೇ ಕೇಳುವ ಹಾಗೆ, "ಡಬ್ಬದ್ದು ಗೊತ್ತಾಯ್ತು. ಹುಡುಗ ಏನಾದನೋ ಅದು ಇನ್ನೂ ಗೊತ್ತಾಗಲಿಲ್ಲ ಮಗಳೇ," ಅಂದರು.

ಮೂರನೆಯ ಸುರುಳಿ ಬೇಡ ಅಂದರು ಅರ್ಧ ಜನ. ಆಲೂಗೆಡ್ಡೆ ಆರುತ್ತಿತ್ತು. "ತಂದಿದ್ದೀನಿ, ಹಾಕಿಯೇ ಹಾಕ್ತೀನಿ," ಅಂದೆ. ಅಂಚೆಯಲ್ಲಿ ಬಂದದ್ದನ್ನು ವ್ಯರ್ಥ ಮಾಡುವ ಅಭ್ಯಾಸ ನನಗಿಲ್ಲ.

ಕಥೆಯಲ್ಲಿ ಲಿಯಾನ್‌ನ ಪಾತ್ರ ಸತ್ತಿತ್ತು. ಗೆಳೆಯನ ಸಮಾಧಿಯ ಮೇಲೆ ನಾಯಕ ಕಲ್ಲಿಟ್ಟು ಅತ್ತ. ಅದರ ಮುಂದಿನ ದೃಶ್ಯದಲ್ಲೇ ಹಿಪ್ಪಿಗಳ ಜಗುಲಿಯಲ್ಲಿ, ಸೊಂಟದಿಂದ ಹಿಮ್ಮಡಿಯವರೆಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು, ಪಕ್ಕದಲ್ಲಿ ಎರಡು ಊರುಗೋಲು ಇಟ್ಟುಕೊಂಡು, ತಟ್ಟೆಯಲ್ಲಿ ಪೈ ತಿನ್ನುತ್ತ ಕೂತಿದ್ದವನು ಲಿಯಾನ್. ಗಡ್ಡ ಒಂದನ್ನು ಅಂಟಿಸಿದ್ದರು. ಹಲ್ಲಿನ ಸಂದಿ ಮುಚ್ಚಲು ಯಾರಿಗೂ ಹೊಳೆದಿರಲಿಲ್ಲ.

"ಈಗ ತಾನೇ ಹೂತರಲ್ರೋ ಇವನನ್ನ!" ಹರ್ಷಲ್ ಎದೆ ಬಡಿದುಕೊಂಡ. "ನನ್ನ ಮುಖ ಕತ್ತರಿಸಿ, ಸತ್ತವನಿಗೆ ಪೈ ತಿನ್ನಿಸಿದಾರೆ!"

ಜನ ಸೀಟಿ ಹೊಡೆದರು. ನನ್ನ ಕಣ್ಣು ಮಂಜಾಗಿತ್ತು. ಆ ಮನೆಯ ಜಗುಲಿ ಇಲ್ಲಿಯದಲ್ಲ. ಅಲ್ಲಿ ಕಿತ್ತಳೆ ಮರಗಳಿದ್ದವು. ಆಸ್ಪತ್ರೆಯಿಂದ ಬಂದವನಿಗೆ ಅವರು ಇನ್ನೊಂದು ಕೆಲಸ ಕೊಟ್ಟಿದ್ದರು ಅಷ್ಟೆ, ಕಥೆ ಕೆಟ್ಟರೆ ಕೆಡಲಿ ಅಂತ. ಬೇರೆ ಜನರಿರಲಿಲ್ಲವೋ, ಲಿಯಾನ್ ಮೇಲಿನ ಪ್ರೀತಿಯೋ.

ಕೊನೆಯ ದೃಶ್ಯದಲ್ಲಿ ರಸ್ತೆಯಂಚಿನ ಬೇರೆ ಮರಗಳ ಎಲೆ ಉದುರಿತ್ತು, ಚಳಿಗಾಲ ಬಂದಿತ್ತು. ನಾಯಕ ಮತ್ತೆ ಬೈಕಿನ ಮೇಲೆ ಕೂತು ಸೂರ್ಯನನ್ನು ನೋಡುತ್ತಿದ್ದ. ಅವನ ಹಿಂದೆ, ದೂರದಲ್ಲಿ, ಒಬ್ಬ ಒಂದು ದೊಡ್ಡ ರಟ್ಟಿನ ಡಬ್ಬವನ್ನು ಎದೆಗೆ ಆನಿಸಿಕೊಂಡು ಪರದೆಯ ಈ ತುದಿಯಿಂದ ಆ ತುದಿಗೆ ನಡೆದುಹೋದ. ಅವನು ಅಲ್ಲಿ ಇರಬೇಕಾದವನೇ ಅಲ್ಲ. ಕ್ಯಾಮೆರಾ ಓಡುತ್ತಿರುವುದು ಗೊತ್ತಿಲ್ಲದೆ ಬಂದವನು. ಊರುಗೋಲಿರಲಿಲ್ಲ. ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಮಧ್ಯದಲ್ಲಿ ತಪ್ಪು ತಿಳಿದು ಕ್ಯಾಮೆರಾದ ಕಡೆ ತಿರುಗಿದ, ಹಲ್ಲಿನ ಸಂದಿ ಕಾಣುವ ಹಾಗೆ ನಕ್ಕ, ಬೇಗ ಬೇಗ ನಡೆದು ಮರೆಯಾದ.

"ನಡೀತಿದಾನೆ," ಅಂದರು ಡೆಲ್ಬರ್ಟ್. ಆಮೇಲೆ ಜೋರಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ, "ಓಪಲ್! ಕುಂಟ್ತಾನೆ, ಆದ್ರೆ ನಡೀತಿದಾನೆ! ಭಾರ ಹೊತ್ಕೊಂಡು ನಡೀತಿದಾನೆ!"

"ನೋಡಿದೆ, ನನಗೂ ಕಣ್ಣಿದೆ," ಅಂದರು ಓಪಲ್, ಕರವಸ್ತ್ರದೊಳಗಿಂದ.

ಕಂಬಳಿಗಳನ್ನು ತೆಗೆದಾಗ ಹೊರಗೆ ಇನ್ನೂ ಬಿಸಿಲಿತ್ತು. ಊರಿಗೆ ಊರೇ ಸಿಟ್ಟಾಗಿತ್ತು. ಏಳು ವರ್ಷ ಕಾದದ್ದಕ್ಕೆ ಒಂದು ಮೊಣಕೈ, ಒಂದು ಸೀದ ಪೈ, ಎಂಟು ಸೂರ್ಯಾಸ್ತ. ಹರ್ಷಲ್ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು ಬೀನ್ಸ್ ಕಾಳಿನ ಸಾಲಿನಲ್ಲಿ ನಿಂತ. ಕಥೆಯ ಅರ್ಥವೇನು ಅಂತ ಇಬ್ಬರು ಜಗಳವಾಡುತ್ತಿದ್ದರು.

ಗದ್ದಲಕ್ಕೆ ಹ್ಯಾಟಿ ಎದ್ದು ಅಳಲು ಶುರುಮಾಡಿದಳು. ನನ್ನ ಎರಡೂ ಕೈ ಫಿಲ್ಮಿನಲ್ಲಿ ಸಿಕ್ಕಿಕೊಂಡಿದ್ದವು; ಕೊನೆಯ ಸುರುಳಿ ಬಿಚ್ಚಿಕೊಂಡು ನೆಲವೆಲ್ಲ ಹರಡಿತ್ತು. ಗಿಲ್ ಉಳಿದ ಕಂಬಳಿ ಬಿಚ್ಚಲು ಕಿಟಕಿ ಹತ್ತಿದ್ದ. "ಯಾರಾದ್ರೂ ಸ್ವಲ್ಪ..." ಅಂದೆ.

ಡೆಲ್ಬರ್ಟ್ ಬುಟ್ಟಿಯ ಮುಂದೆ ನಿಂತಿದ್ದರು. ಜೇಬಿನಿಂದ ಕೈ ತೆಗೆದರು. ಮುಂದೆ ಹಿಂದೆ ತಿರುಗಿಸಿ ನೋಡಿಕೊಂಡು, ಅಂಗಿಗೆ ಒರೆಸಿದರು. ನಾನು ಫಿಲ್ಮು ಸುತ್ತುತ್ತಲೇ ಇದ್ದೆ, ಆ ಕಡೆ ನೋಡದ ಹಾಗೆ. ಒಂದು ಅಂಗೈ ಕತ್ತಿನ ಕೆಳಗೆ ಹೋಯಿತು, ಇನ್ನೊಂದು ಸೊಂಟದ ಕೆಳಗೆ. ಎತ್ತಿದರು. ಭುಜಕ್ಕೂ ಗಲ್ಲಕ್ಕೂ ನಡುವೆ ಒಂದು ಗುಳಿ ಮಾಡಿಕೊಟ್ಟು ಕಾದರು. ಅವಳ ತಲೆ ಎರಡು ಸಲ ಆ ಕಡೆ ಈ ಕಡೆ ಹೊರಳಿ, ತಾನಾಗಿಯೇ ಅಲ್ಲಿ ಕೂತಿತು. ಅಳು ನಿಂತಿತು.

"ಒದ್ದೆಯಾಗಿದಾಳೆ," ಅಂದರು.

"ಕೊಡಿ, ಬಟ್ಟೆ ಬದಲಾಯಿಸ್ತೀನಿ."

"ನಿನ್ನ ಕೈ ನೋಡ್ಕೋ, ಗೊಬ್ಬರದ ಗುಂಡಿ ಹಾಗಿದೆ. ಬಟ್ಟೆ ಎಲ್ಲಿದೆ ಹೇಳು."

"ಬುಟ್ಟೀಲಿ, ಕಂಬಳಿ ಕೆಳಗೆ. ಪಿನ್ನು ಹುಷಾರು."

"ನಲವತ್ತು ಮೈಲಿ ಮೊಟ್ಟೆ ಕಳಿಸಿದವನಿಗೆ ಪಿನ್ನು ಹೇಳ್ಕೊಡ್ತಾಳೆ," ಅಂತ ಮಗುವಿನ ಕಿವಿಯಲ್ಲಿ ಅಂದು, ಕಾಫಿಯ ಮೇಜಿನ ಒಂದು ಮೂಲೆಯನ್ನು ಮೊಣಕೈಯಿಂದ ಖಾಲಿ ಮಾಡಿದರು. ಒಂದೇ ಮಡಿಕೆ, ಒಂದೇ ಪಿನ್ನು. ಮನೆಗೆ ಹೋಗುವವರೆಗೂ ಅದು ಸಡಿಲವಾಗಲಿಲ್ಲ.